ಹೊತ್ತು ತರುವ ನಾಲ್ವರು

ಬಲಗಾಲು ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತುಹೋಯಿತು. ಅದನ್ನು ಎಳೆದುಕೊಳ್ಳಲು ಹೋದರೆ ಎಡಗಾಲೂ ಬದುವಿನಿಂದ ಜಾರಿತು. ವಾದಿರಾಜ ಮಾಸ್ತರರು ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಧೋತರದ ಚುಂಗು ಹಿಡಿದು ಅಲ್ಲಿಂದಲೇ ಕೂಗಿದರು.

"ಉಡಚವ್ವಾ! ಏ ಉಡಚವ್ವಾ!"

ಮದಗದ ಕೆರೆಯ ಕೆಳಗಿನ ಆ ಭತ್ತದ ಗದ್ದೆಯಲ್ಲಿ ಬಗ್ಗಿ ಕಸ ತೆಗೆಯುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ತಲೆ ಎತ್ತಿದರು. ಊರ ಶಾಲೆಯ ಮಾಸ್ತರರು ಗದ್ದೆಗೆ ಇಳಿದದ್ದನ್ನು ಅವರು ಎಂದೂ ಕಂಡಿರಲಿಲ್ಲ.

"ಸಾಲಿ ಇಲ್ಲಿಗೇ ತಂದ್ರೇನ್ರಿ ಮಾಸ್ತರ?" ಎಂದಳು ಮಹಾದೇವಕ್ಕ. "ಹಂಗಾರ ನನ್ನ ಹೆಸರೂ ಬರಕೋರಿ."

ನಗೆ ಎದ್ದಿತು. ಹತ್ತು ವರ್ಷದ ಉಡಚವ್ವ ಕಿತ್ತ ಹುಲ್ಲನ್ನು ಹಿಡಿದುಕೊಂಡೇ ಎದ್ದು ನಿಂತಳು. ತಾಯಿ ಅಡಿವೆವ್ವ ಅವಳಿಗೆ ಅಡ್ಡ ಬಂದಳು.

"ಏನ್ ತಪ್ಪ ಮಾಡ್ಯಾಳ್ರಿ ನನ್ನ ಮಗಳು?"

"ತಪ್ಪಲ್ಲವಾ, ಇನಾಮು. ಹಿರೇಕೆರೂರಿಂದ ದಿಪೋಟಿ ಸಾಹೇಬರು ಸಾಲಿ ತಪಾಸ ಮಾಡ್ಲಿಕ್ಕೆ ಬಂದಾರ. ಒಂದ ದಿನಾನೂ ತಪ್ಪಸದ ಬಂದವರಿಗೆ ಬರಿಯೋ ಹೊಸಾ ಪಾಟಿ ಕೊಡ್ತಾರ."

"ಅಕಿ ಕಾರಹುಣ್ಣಿಮಿಂದ ಸಾಲಿಗೆ ಬಂದೇ ಇಲ್ಲಲ್ರಿ."

"ಹಾಜರಿ ಪುಸ್ತಕದಾಗ ಬಂದಾಳ," ಎಂದರು ಮಾಸ್ತರರು ಮೆಲ್ಲಗೆ.

ಈ ಸಲ ಯಾರೂ ನಗಲಿಲ್ಲ. ಅಡಿವೆವ್ವ ಅವರ ಕೆಸರು ಮೆತ್ತಿದ ಕಾಲುಗಳನ್ನು ನೋಡಿದಳು. "ಹೋಗಿ ಬಾ," ಎಂದಳು ಮಗಳಿಗೆ. "ಲಗೂನ ಬಾ."

ಊರಾಚೆಯ ಕೇರಿಯ ಮಕ್ಕಳನ್ನೂ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಮೂವತ್ತೇಳನೆಯ ಇಸವಿಯಲ್ಲಿ ಹುಕುಂ ಬಂದಾಗ ಉಡಚವ್ವನ ಹೆಸರು ಹಾಜರಿ ಪುಸ್ತಕ ಸೇರಿತ್ತು. ಅವಳು ಕೂರುತ್ತಿದ್ದದ್ದು ಹೊರಗೆ, ಗೋಡೆಯಾಚೆಯ ಕಟ್ಟೆಯ ಮೇಲೆ. ಮೊದಮೊದಲು ಮಾಸ್ತರರು ಅವಳ ಹೆಸರನ್ನೂ ಕೂಗುತ್ತಿದ್ದರು. ಒಳಗೆ ಕೇಳಲೆಂದು ಅವಳು "ಹಾಜರ್ ರೀ!" ಎಂದು ಕಿರುಚುವಳು, ಒಳಗಿನ ಹುಡುಗರು ನಗುವರು. ಈ ಗದ್ದಲವೇ ಬೇಡವೆಂದು ಅವರು ಕೂಗುವುದನ್ನು ಬಿಟ್ಟರು. ದಿನವೂ ಬರುವ ಹುಡುಗಿ, ಕೂಗುವುದಾದರೂ ಏಕೆ? ಅವಳ ಹೆಸರಿನ ಮುಂದೆ ಗುರುತು ಹಾಕುವುದು ಕೈಗೆ ರೂಢಿಯಾಯಿತು. ಈ ವರ್ಷವೂ ಕೈ ಹಾಗೆಯೇ ಹಾಕುತ್ತ ಬಂದಿತ್ತು.

ಇವತ್ತು ಮುಂಜಾನೆ ಸಾಹೇಬರು, "ಯಾರು ಈ ಉಡಚವ್ವ? ಕರೀರಿ," ಎಂದಾಗ ಮಾಸ್ತರರು ಹೊರಗೆ ಬಂದು ನೋಡಿದರು. ಅವಳು ಕೂರುವ ಜಾಗದಲ್ಲಿ, ಕಲ್ಲುಗಳ ಸಂದಿಯಲ್ಲಿ, ಗೇಣುದ್ದ ಹುಲ್ಲು ಬೆಳೆದಿತ್ತು. ಸುಳ್ಳು ಹಾಜರಿ ಬರೆದವನ ನೌಕರಿ ಉಳಿಯುವುದಿಲ್ಲ. ನೀರು ಕುಡಿಯಲು ಮನೆಗೆ ಹೋಗಿದ್ದಾಳೆ ಎಂದು ಹೇಳಿ, ಓಡುತ್ತಲೇ ಗದ್ದೆಗೆ ಬಂದಿದ್ದರು.

ಈಗ ಅವರು ಮುಂದೆ, ಅವಳು ಹತ್ತು ಮಾರು ಹಿಂದೆ. ಅಷ್ಟು ದೂರ ಇರೆಂದು ಯಾರೂ ಹೇಳಿರಲಿಲ್ಲ.

"ಸಾಹೇಬರು ಪಾಟಿ ಕೊಟ್ಟರ ಸುಮ್ಮನ ತಗೋ. ಏನೂ ಮಾತಾಡಬ್ಯಾಡ."

ಅವಳು ಕೈಯಲ್ಲಿದ್ದ ಹುಲ್ಲನ್ನು ದಾರಿ ಬದಿಗೆ ಎಸೆದಳು.

"ಕಾಗುಣಿತ ನೆನಪದ ಏನು?"

"ಗ ತನಕ ಐತ್ರಿ. ಮುಂದಿಂದು ಹೋತು."

ಹೋದ ವರ್ಷ, ಒಳಗಿನವರೆಲ್ಲ ತಡವರಿಸಿದ ಕಾಗುಣಿತವನ್ನು ಇದೇ ಹುಡುಗಿ ಗೋಡೆಯಾಚೆಯಿಂದ ಕೊನೆಯವರೆಗೂ ಒಪ್ಪಿಸಿದ್ದಳು.

"ಸಾಲಿ ಯಾಕ ಬಿಟ್ಟಿ?"

"ಬಿಡಲಿಲ್ರಿ. ಅವ್ವಗ ಜ್ವರ ಬಂದಿದ್ವು, ಒಂದ ದಿನ ಉಳದೆ. ಮರದಿನ ನಾಕ ಮಂದಿ ಬರ್ತಾರಂತ ಹುಲ್ಲಿನ ಬಣವಿ ಹಿಂದ ಅಡಗಿ ಕುಂತೆ."

ಮಾಸ್ತರರು ನಿಂತುಬಿಟ್ಟರು. ಅದು ಶಾಲೆಯ ಹಳೆಯ ರೂಢಿ. ಬಾರದವನ ಮನೆಗೆ ನಾಲ್ವರು ದೊಡ್ಡ ಹುಡುಗರು ಹೋಗಿ, ಕೈಕಾಲು ಹಿಡಿದೆತ್ತಿ, ಕೇಕೆ ಹಾಕುತ್ತ ಹೊತ್ತು ತರುವುದು. ತಂದವರಿಗೂ ಬಂದವನಿಗೂ ಮಾಸ್ತರರು ಒಂದೊಂದು ಹಿಡಿ ಪುಠಾಣಿ ಕೊಡುವುದು. ಅಳುತ್ತ ಬಂದವನು ಪುಠಾಣಿ ಅಗಿಯುತ್ತ ಕೂರುತ್ತಿದ್ದ. ಮರುದಿನ ತಾನೇ ಬರುತ್ತಿದ್ದ. ಕೆಲವರಂತೂ ಹೊತ್ತು ತರಲಿ ಎಂದೇ ಅಡಗುತ್ತಿದ್ದರು. ಶಾಲೆ ತುಂಬಿದ್ದು ಹಾಗೆ. ಆದರೆ ಆ ನಾಲ್ವರು ಕೇರಿಯ ಕಡೆ ಒಮ್ಮೆಯೂ ತಿರುಗಿರಲಿಲ್ಲ. ಅಲ್ಲಿಯ ಹುಡುಗಿಯನ್ನು ಮುಟ್ಟಿ ಎತ್ತುವವರು ಯಾರು?

"ಎಷ್ಟ ದಿನ ಕುಂತಿ?"

"ಎಂಟ ದಿನ್ರಿ. ಆಮ್ಯಾಲ ಅವ್ವ ಬೈದಳು, ಗದ್ದಿಗೆ ಹೋದೆ." ಆಮೇಲೆ ಅವಳೇ ಕೇಳಿದಳು: "ನಾ ಬಂದಿಲ್ಲಂತ ನಿಮಗ ಗೊತ್ತಿತ್ತೇನ್ರಿ?"

ಗೊತ್ತಿತ್ತು ಎಂದರೆ, ಗೊತ್ತಿದ್ದೂ ಕರೆಯಲಿಲ್ಲ. ಗೊತ್ತಿರಲಿಲ್ಲ ಎಂದರೆ, ಮೂರು ತಿಂಗಳು ಒಮ್ಮೆಯೂ ಆ ಕಡೆ ನೋಡಲಿಲ್ಲ. ಮಾಸ್ತರರು ಕೆರೆಯ ಏರಿಯನ್ನು ನೋಡುತ್ತ ನಡೆದರು.

ಸಾಹೇಬರು ಶಾಲೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಹಿಂದೆ ಹುಡುಗರ ಸಾಲು. ಉಡಚವ್ವ ಮೆಟ್ಟಿಲ ಕೆಳಗೇ ನಿಂತಳು.

"ಇಕೀನ ಏನು? ಭೇಷ್! ಮೂರು ತಿಂಗಳು ಒಂದ ದಿನಾನೂ ತಪ್ಪಸಿಲ್ಲ. ಇಕಿನ್ನ ನೋಡಿ ಕಲೀರಿ, ಮಂಗ್ಯಾಗಳಿರಾ!"

"ಲೇ, ಇಕಿ ಯಾವಾಗ ಬಂದಿದ್ಲೋ?" ಎಂದು ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಪಕ್ಕದವನು ಚಿವುಟಿದ.

ಸಾಹೇಬರು ಕಟ್ಟಿಗೆಯ ಚೌಕಟ್ಟಿನ ಹೊಸ ಪಾಟಿ ಚಾಚಿದರು. ಉಡಚವ್ವನ ಕೈ ಮೇಲೇಳಲಿಲ್ಲ. ಅವಳು ಕಟ್ಟೆಯ ಮೇಲಿನ ಹುಲ್ಲನ್ನು ನೋಡುತ್ತಿದ್ದಳು.

ಮಾಸ್ತರರು ಒಂದು ಮೆಟ್ಟಿಲು ಇಳಿದು ಬಂದರು. ದನಿ ತಗ್ಗಿಸಿದರು. "ತಗೋವಾ. ನಾಳಿಂದ ನೀ ಬರದಿದ್ರ ನಾಕ ಮಂದೀನ ಕಳಸ್ತೇನಿ. ಖರೇ ಹೇಳ್ತೇನಿ."

ಉಡಚವ್ವ ತಲೆ ಎತ್ತಿ ಬಾಗಿಲಲ್ಲಿದ್ದ ದೊಡ್ಡ ಹುಡುಗರನ್ನು ನೋಡಿದಳು. ಮಾತು ಅವರ ಕಿವಿಗೂ ಬಿದ್ದಿತ್ತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬನು ಕೈಗಳೆರಡನ್ನೂ ಬೆನ್ನ ಹಿಂದೆ ಸರಿಸಿದ.

"ನಾಚಕೋಬ್ಯಾಡ, ತಗೋ ತಂಗಿ," ಎಂದು ಸಾಹೇಬರು ಪಾಟಿಯನ್ನು ಇನ್ನಷ್ಟು ಮುಂದೆ ಹಿಡಿದರು.

"ನಾ ಒಲ್ಲೆ," ಎಂದಳು ಉಡಚವ್ವ.