ಶಂಖದ ಕುರ್ಚಿ

ಖಾನಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಬಿಳಿ ಕುರ್ಚಿಯಿತ್ತು. ನನ್ನ ಮುತ್ತಜ್ಜ ಬೆಳಗಾವಿ ಕ್ಯಾಂಪಿನಲ್ಲಿ ಒಬ್ಬ ಇಂಗ್ಲಿಷ್ ಸಾಹೇಬನ ಕಾರಕೂನನಾಗಿದ್ದ. ಸಾಹೇಬ ವಿಲಾಯತಿಗೆ ಹೊರಟಾಗ ಕೊಟ್ಟುಹೋದದ್ದು. ಬಾಗಿದ ಕಾಲು, ಎತ್ತರದ ಬೆನ್ನು, ಎರಡು ಅಗಲವಾದ ತೋಳು, ಎಲ್ಲ ವಿಲಾಯತಿ ಆಕಾರ. ಮೈತುಂಬ ಮಾತ್ರ ನಮ್ಮ ಕಡೆಯ ಹೂಬಳ್ಳಿ, ಕಪ್ಪು ಗೆರೆಯಲ್ಲಿ ಕೊರೆದದ್ದು. ಆ ಬಿಳುಪು ಶಂಖದ್ದೆಂದು ಮನೆಯವರೆಲ್ಲ ನಂಬಿದ್ದರು.

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡ್ರಿಸುತ್ತೇವೆ. ಅಜ್ಜನನ್ನು ಈ ಕುರ್ಚಿಯಲ್ಲೇ ಕೂಡ್ರಿಸಿದ್ದರಂತೆ.

"ಪಂಚಾಯ್ತಿ ಮಾಡಾಕ ಕುಂತಂಗ ಕಾಣತಿದ್ದ ನೋಡವಾ," ಎನ್ನುತ್ತಿದ್ದಳು ಅಜ್ಜಿ ಗಂಗಾದೇವಿ. "ನನ್ನೂ ಇದ್ರಾಗ ಕುಂದರಸ್ರಿ. ಮಂದಿ ಮುಂದ ಜೋಲು ಬೀಳೂದು ಬ್ಯಾಡ."

ಬೆಳಗಾವಿಯಲ್ಲಿ ಇತಿಹಾಸ ಎಂ.ಎ. ಓದುವಾಗ ಎರಡು ವರ್ಷ ಹಾಜರಿ ಹೇಳುವುದಕ್ಕಷ್ಟೇ ಬಾಯಿ ತೆರೆದವಳು ನಾನು. ಕೊನೆಯ ಸೆಮಿಸ್ಟರಿನಲ್ಲಿ ಗ್ರಂಥಾಲಯದ ಒಂದು ಪುಸ್ತಕದಲ್ಲಿ ನಮ್ಮ ಕುರ್ಚಿಯ ಒಡಹುಟ್ಟಿನಂಥದ್ದು ಕಂಡಿತು. ವಿಶಾಖಪಟ್ಟಣದ ಕುಶಲಿಗರು ಇಂಗ್ಲಿಷರ ನಕ್ಷೆ ನೋಡಿ ಮಾಡಿದ್ದು. ಮರದ ಮೇಲೆ ತೆಳ್ಳಗೆ ಹೊದಿಸಿದ ಆನೆದಂತ, ಗೆರೆಗಳಲ್ಲಿ ತುಂಬಿದ ಕಪ್ಪು ಅರಗು.

ಸೆಮಿನಾರಿನಲ್ಲಿ ಅದನ್ನೇ ಹೇಳಿದೆ, ನಮ್ಮ ಕುರ್ಚಿಯ ಫೋಟೊ ತೋರಿಸಿದೆ. ಚಪ್ಪಾಳೆ ಬಿತ್ತು. 'ಇವತ್ತು ಮಾತಾಡಿದೆ' ಎಂದು ದಿನಚರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದೆ. ಆ ಫೋಟೊವನ್ನು ಯಾರೋ ಮೊಬೈಲುಗಳಲ್ಲಿ ಹಂಚಿದರು.

ಮೂರನೆಯ ವಾರ ಅರಣ್ಯ ಇಲಾಖೆಯ ಜೀಪು ಬಂತು.

"ದಂತ ಇಟ್ಕೊಳ್ಳಾಕ ಸರ್ಟಿಫಿಕೇಟ್ ಬೇಕ್ರಿ," ಎಂದ ಫಾರೆಸ್ಟರ್ ಯಲ್ಲೇಶ.

"ಇದು ಶಂಖರೀ ಸಾಹೇಬ್ರ," ಎಂದರು ಅಪ್ಪ.

ಯಲ್ಲೇಶ ಮೊಬೈಲು ಮುಂದೆ ಹಿಡಿದ. ನಾನು ತೆಗೆದ ಫೋಟೊ. ಅಪ್ಪನಿಗೆ ಅದು ಯಾರು ತೆಗೆದದ್ದೆಂದು ತಿಳಿಯಲಿಲ್ಲ.

ಅಜ್ಜಿ ಕುರ್ಚಿಯ ತೋಳು ಹಿಡಿದುಕೊಂಡಳು. "ಎಪ್ಪಾ, ಇನ್ನೆಷ್ಟ ದಿನ ಇರ್ತೀನಿ? ಒಂದ್ ಸಲ ಕುಂತಬಿಡ್ತೀನಿ, ಆಮ್ಯಾಲ ಒಯ್ಯಿರಂತ."

"ಈಗ ಕುಂದರ್ರಿ ಆಯಿ, ಯಾರು ಬ್ಯಾಡಂದಾರ?"

"ಈಗಲ್ಲೋ ಹುಚ್ಚಪ್ಪಾ, ಸತ್ತ ಮ್ಯಾಲ!"

ಯಲ್ಲೇಶ ತಲೆ ತಗ್ಗಿಸಿದ. ಅಪ್ಪನಿಂದ ಸಹಿ ಹಾಕಿಸಿಕೊಂಡು, ಕುರ್ಚಿಗೆ ಗೋಣಿತಟ್ಟು ಸುತ್ತಿ ಜೀಪಿಗೆ ಏರಿಸಿದರು.

"ಯಾವ ಮನಿಹಾಳ ಹೇಳಿದ್ನೋ, ಅವನ ಬಾಯಾಗ ಮಣ್ಣ ಬೀಳ್ಲಿ!" ದಿನಾ ಸಂಜೆ ಅಜ್ಜಿಯದು ಇದೇ ಮಾತು. ನಾನು ಚಹಾ ಅವಳ ಕೈಗಿಟ್ಟು ಒಳಗೆ ಹೋಗುತ್ತಿದ್ದೆ. 'ನಾಳೆ ಹೇಳುತ್ತೇನೆ' ಎಂದು ದಿನಚರಿಯಲ್ಲಿ ಬರೆಯುತ್ತಿದ್ದೆ. ಮರುದಿನವೂ ಅದನ್ನೇ.

ಶ್ರಾವಣದ ಎರಡನೆಯ ಸೋಮವಾರ, ಪೂಜೆ ಮುಗಿಸಿ ಎದ್ದ ಅಜ್ಜಿ ಹಾಗೇ ಕುಸಿದಳು.

ಗೋಡೆಯ ಬದಿಗೆ ಮಣೆ ಹಾಕಿ, ಇಳಕಲ್ ಸೀರೆ ಉಡಿಸಿ, ವಿಭೂತಿ ಹಚ್ಚಿ ಕೂಡ್ರಿಸಿದರು. ಆತುಕೊಳ್ಳಲು ತೋಳಿಲ್ಲ, ಮೈ ಮತ್ತೆ ಮತ್ತೆ ಎಡಕ್ಕೆ ವಾಲುತ್ತಿತ್ತು. ಬಾಜು ಮನೆಯ ಸಾತವ್ವ ಕಟ್ಟಲು ಅರಿವೆ ತಂದಳು.

"ಬ್ಯಾಡ್ರಿ," ಎಂದೆ. "ನಾ ಹಿಡೀತೀನಿ."

"ಲೋಂಡಾದಿಂದ ನಿಮ್ಮತ್ತಿ ಬರಬೇಕಲ್ಲ ಸಮೃದ್ಧಿ, ಅಲ್ಲೀತನಕ ಹೆಂಗ ಕುಂದರ್ತಿ? ಕೈ ಸೋಲ್ತಾವ."

ನಾನು ಎಡಕ್ಕೆ ಭುಜ ಕೊಟ್ಟು ಕೂತೆ. ಅಜ್ಜಿಯ ತಣ್ಣನೆಯ ಕೆನ್ನೆ ನನ್ನ ಹಣೆಗೆ ತಾಗಿತು. ಅವಳ ಕಿವಿ ಇಷ್ಟು ಹತ್ತಿರ ಎಂದೂ ಇರಲಿಲ್ಲ. ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಬಂದವರೆಲ್ಲ ನಮ್ಮಿಬ್ಬರನ್ನೂ ನೋಡಿ ಕಣ್ಣೊರೆಸಿಕೊಂಡರು.

"ಮೊಮ್ಮಗಳದು ಎಂಥಾ ಜೀವ ನೋಡ್ರಿ," ಎಂದಳು ಸಾತವ್ವ.

ಅದನ್ನೂ ಕೇಳಿಕೊಂಡು ಕೂತೆ.