ಬಾವಿಯಿಂದ ಹದಿನಾಲ್ಕು ಹೆಜ್ಜೆ

ಕಾರ್ತೀಕ ಮಾಸ, ಬಿಸಿಲೇರುವ ಹೊತ್ತು. ಹುಣಸೂರಿನ ಹೊರಗೆ, ಗಾವಡಗೆರೆ ರಸ್ತೆಯ ಹೊಸ ಬಡಾವಣೆಗೆ ಗುರುಶಾಂತಮ್ಮ ಮಗ ನಂಜುಂಡೇಶ, ಸೊಸೆ ಉಷಾರಾಣಿಯ ಜೊತೆ ಮನೆ ನೋಡಲು ಬಂದಳು. ಅವರಿಬ್ಬರಿಗೂ ಮೈಸೂರು ರಸ್ತೆಯ ಮನೆ ಹಿಡಿಸಿತ್ತು; ಹಟ ಹಿಡಿದು ಇಲ್ಲಿಗೆ ಕರೆತಂದವಳು ಅವಳೇ. ಈ ಜಾಗ ಹಿಂದೆ ಅವಳ ಮೈದುನನ ಹೊಲ. ನಂಜುಂಡೇಶ ಹುಟ್ಟುವ ಮೊದಲೇ, ಜ್ವರ ಬಂದು ತೀರಿಕೊಂಡ ಅವಳ ನಾಲ್ಕು ವರ್ಷದ ಮಗಳನ್ನು ಇಲ್ಲೇ ಮಣ್ಣು ಮಾಡಿದ್ದರು, ಬಾವಿಯಿಂದ ಮೂಡಲಿಗೆ ಹದಿನಾಲ್ಕು ಹೆಜ್ಜೆಯಲ್ಲಿ. ಕೊನೆಗಾಲದಲ್ಲಿ ಆ ಕೂಸಿನ ಹತ್ತಿರ ಇರಬೇಕೆಂಬುದೊಂದೇ ಅವಳ ಆಸೆ. ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಬಾವಿಗೆ ಚಪ್ಪಡಿ ಮುಚ್ಚಿದ್ದರು. ಗುರುಶಾಂತಮ್ಮ ಅಲ್ಲಿಂದ ಎಣಿಸುತ್ತ ನಡೆದಳು. ಹನ್ನೊಂದನೇ ಹೆಜ್ಜೆಗೆ ಮಾರಾಟಕ್ಕಿದ್ದ ಮನೆಯ ಹಿತ್ತಿಲ ಬಾಗಿಲು ಬಂತು. ಹದಿನಾಲ್ಕಕ್ಕೆ ಅಡುಗೆಮನೆಯ ನಡುವೆ ನಿಂತಿದ್ದಳು.

“ನೀವೇ ಗೆದ್ರಿ ಬುಡಿ ಅತ್ತೆ! ಇಂಥಾ ಅಡುಗೆಮನೆ ಎಲ್ಲೂ ಸಿಕ್ಕಲ್ಲ,” ಎಂದಳು ಉಷಾರಾಣಿ.

ಮಗಳ ಮೇಲೆ ಕಾಲೂರಿ ಅನ್ನ ಬೇಯಿಸುವುದು ಹೇಗೆ? ಗುರುಶಾಂತಮ್ಮ ಸರಕ್ಕನೆ ಹೊರಗೆ ಬಂದಳು. “ಬ್ಯಾಡ ಕಣಪ್ಪ. ಮೈಸೂರು ರಸ್ತೆ ಮನೆನೇ ತಗೊಳ್ಳಿ.”

“ಏನವ್ವಾ ನೀನು! ತಿಂಗಳಿಂದ ಇಲ್ಲೇ ಅಂತ ಪ್ರಾಣ ತಿಂದೆ. ಈಗ ಒಳಗೇನು ದೆವ್ವ ಕಂಡ್ಯಾ?” ನಂಜುಂಡೇಶ ನಕ್ಕ.

ಹೇಳಿದರೆ ತನ್ನ ಕೂಸು ಊರವರ ಬಾಯಲ್ಲಿ ದೆವ್ವವೇ ಆಗಿಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು.

“ವಾಸ್ತು ನೆಟ್ಟಗಿಲ್ಲ ಕಣೋ,” ಎಂದಳು.

ಗಾವಡಗೆರೆ ರಸ್ತೆಗೆ ಹೋಗಲು ಅವಳಿಗೆ ಇನ್ನು ಯಾವ ನೆವವೂ ಉಳಿಯಲಿಲ್ಲ. ಮಾಘದ ಎರಡನೇ ಸೋಮವಾರ ಮೂವರೂ ಬಾಡಿಗೆ ಮನೆ ಬಿಟ್ಟು ಮೈಸೂರು ರಸ್ತೆಯ ಮನೆಗೆ ಹೊರಟರು.