ಹಾಡು ಹಾದುಹೋದ ಡಬ್ಬಿ

ನಾನು ಅಂಗೈಯಗಲದ ಒಂದು ಕಪ್ಪು ಡಬ್ಬಿ. ಅಂಗಡಿಯವರು ನನ್ನನ್ನು ರೂಟರ್ ಎನ್ನುತ್ತಾರೆ, ಮನೆಯವರು ನೆಟ್ಟಿನ ಡಬ್ಬಿ ಎನ್ನುತ್ತಾರೆ. ನೆಟ್ ಹೋದಾಗ ಏನೇನೆನ್ನುತ್ತಾರೆ ಎಂಬುದನ್ನು ಮರ್ಯಾದಸ್ಥರ ಎದುರು ಹೇಳುವಂತಿಲ್ಲ. ನಾನು ಹುಟ್ಟಿದ ಕಾರ್ಖಾನೆ ಯಾವ ಊರಿನಲ್ಲಿತ್ತೋ ನನಗೆ ಗೊತ್ತಿಲ್ಲ. ಗವಸು ತೊಟ್ಟ ಕೈಯೊಂದು ನನ್ನ ಬೆನ್ನಿಗೆ ಕರೆಂಟಿನ ಪಿನ್ನು ಸಿಕ್ಕಿಸಿತು. ಎದೆಯ ಮೇಲೆ ಹಸಿರು ದೀಪಗಳು ಒಂದರ ಹಿಂದೊಂದು ಹತ್ತಿಕೊಂಡವು. ಅದೇ ನನ್ನ ಮೊದಲ ಎಚ್ಚರ. ಎಚ್ಚರವಾಯಿತು ಅನ್ನುವಷ್ಟರಲ್ಲಿ ಪಿನ್ನು ಕಿತ್ತು, ಥರ್ಮಾಕೋಲಿನ ನಡುವೆ ಮಲಗಿಸಿಬಿಟ್ಟರು. ಅಲ್ಲಿಂದಾಚೆಗೆ ನನ್ನ ಬದುಕೆಲ್ಲ ಅರ್ಧ ಎಚ್ಚರ, ಅರ್ಧ ಕನಸು.

ನನ್ನ ಕೆಲಸ ಸರಳ. ಕೂದಲೆಳೆಯಂಥ ಗಾಜಿನ ತಂತಿಯಲ್ಲಿ ಬೆಳಕು ಬರುತ್ತದೆ, ಅದನ್ನು ನಾನು ಗಾಳಿಗೆ ಬಿಡುತ್ತೇನೆ. ಗಾಳಿಯಲ್ಲಿ ಬಂದದ್ದನ್ನು ತಂತಿಗೆ ಬಿಡುತ್ತೇನೆ. ಜನರ ಮಾತು, ನಗು, ಜಗಳ, ಹೋಳಿಗೆ ಮಾಡುವ ವಿಡಿಯೊ, ಎಲ್ಲವೂ ನನ್ನ ಮೈಯೊಳಗಿಂದಲೇ ಹೋಗಬೇಕು. ಹೋಗುವಾಗ ಸಣ್ಣಗೆ ಕಚಗುಳಿಯಾಗುತ್ತದೆ, ಅಷ್ಟೇ.

ಮೊದಲು ನಾನಿದ್ದದ್ದು ಹುಬ್ಬಳ್ಳಿಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ. ಪರೀಕ್ಷೆಯ ರಿಸಲ್ಟ್ ಬರುವ ದಿನ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಎಲ್ಲರೂ ಒಟ್ಟಿಗೆ ನನ್ನ ಮೇಲೆ ಬಿದ್ದರೆ ನಾನಾದರೂ ಏನು ಮಾಡಲಿ? ಉಸಿರುಗಟ್ಟಿ ನಿಂತುಬಿಡುತ್ತಿದ್ದೆ. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ಅಂಗಡಿ ಮುಚ್ಚಿತು. ಗದಗಿನ ಕಡೆ ಮನೆಮನೆಗೆ ನೆಟ್ ಕೊಡುವ ಈರಣ್ಣ ಎಂಬಾತ ನನ್ನನ್ನು ಚೀಲಕ್ಕೆ ಹಾಕಿಕೊಂಡು ಹೋದ.

ಹಾಗೆ ನಾನು ಬೆಟಗೇರಿಯ ಕಸ್ತೂರೆವ್ವನ ಮನೆ ಸೇರಿದೆ. ಹಳೆಯ ಕಲ್ಲಿನ ಮನೆ. ಎರಡು ಮೊಳ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಒಳಗೆ ಎಷ್ಟು ತಂಪೋ ಅಷ್ಟೇ ಕಿವುಡು. ಮೊಬೈಲಿನ ಸಿಗ್ನಲ್ ಹೊಸ್ತಿಲಾಚೆಗೇ ನಿಂತುಬಿಡುತ್ತಿತ್ತು. ಅಂಗಳದಲ್ಲೂ ಅದೇ ಪಾಡು. ಮಾತಾಡಬೇಕೆಂದರೆ ಏಣಿ ಇಟ್ಟು ಮಾಳಿಗೆ ಹತ್ತಬೇಕು, ಇಲ್ಲವೇ ನಾನು ಬೇಕು. ಏಣಿ ಹತ್ತುವುದು ಕಸ್ತೂರೆವ್ವನಿಂದ ಆಗದ ಮಾತು. ಪಡಸಾಲೆಯ ಗೋಡೆಯಲ್ಲಿ ಹಿಂದೆ ಚಿಮಣಿ ದೀಪ ಇಡುತ್ತಿದ್ದ ಒಂದು ಗೂಡಿತ್ತು. ಈರಣ್ಣ ನನ್ನನ್ನು ಅಲ್ಲಿ ಕೂರಿಸಿ, ಗಾಜಿನ ತಂತಿಯನ್ನು ಮೊಳೆ ಹೊಡೆದು ಬಿಗಿದ. “ಈ ವಾಯರ್ ಮಾತ್ರ ಯಾರೂ ಜಗ್ಗಬ್ಯಾಡ್ರಿ. ಮುರೀತಂದ್ರ ನಾ ಬರೂತನಕಾ ನೆಟ್ ಇಲ್ಲ” ಎಂದು ಹೇಳಿ ಹೋದ.

ಕಸ್ತೂರೆವ್ವ ನನ್ನನ್ನು ಹಾಕಿಸಿದ್ದು ಅಕ್ಕನಿಗಾಗಿ. ಅಕ್ಕ ನೀಲವ್ವ ಸೊಲ್ಲಾಪುರದಲ್ಲಿರುವಾಕೆ. ತಾಯಿ ಹೋದಾಗ ಕಸ್ತೂರೆವ್ವ ಇನ್ನೂ ಎಳೆಗೂಸು. ಎತ್ತಿ ಆಡಿಸಿ ಬೆಳೆಸಿದ್ದೆಲ್ಲ ನೀಲವ್ವನೇ. ಮಧ್ಯಾಹ್ನ ಊಟದ ಪಾತ್ರೆ ಬೆಳಗಿ ಇಟ್ಟ ಮೇಲೆ ಕಸ್ತೂರೆವ್ವ ಗೋಡೆಗೊರಗಿ ಕೂತು ಫೋನು ಹಚ್ಚುತ್ತಿದ್ದಳು. ಸುಖದುಃಖ ಮುಗಿದ ಮೇಲೆ ಹಾಡು. ಅಕ್ಕ ಒಂದು ಸಾಲು ಹೇಳುವುದು, ತಂಗಿ ಅದನ್ನೇ ಮತ್ತೆ ಹೇಳುವುದು. ಆ ಹೊತ್ತಿನಲ್ಲಿ ನಾನು ಕಣ್ಣುಮುಚ್ಚಿ ಎಲ್ಲೋ ತೇಲುತ್ತಿದ್ದೆ. ದಿನವಿಡೀ ಏನೇನೋ ಸಾಗಿಸುತ್ತೇನೆ ನಿಜ, ಆದರೆ ಆ ಹಾಡು ಹೋಗುವಾಗಿನ ಹಗುರ ಬೇರೆ.

ಕಸ್ತೂರೆವ್ವನ ಮಗಳು ಪಲ್ಲವಿಗೆ ಬಳ್ಳಾರಿಯ ಕಡೆ ಮದುವೆ ಗೊತ್ತಾಯಿತು. ಅದೇ ತಿಂಗಳು ನೀಲವ್ವ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ಆಪರೇಶನ್ ಆಯಿತು, ಆದರೆ ಹಾಸಿಗೆ ಬಿಟ್ಟು ಏಳುವಂತಿಲ್ಲ. ಇವರ ಮನೆತನದಲ್ಲಿ ಸುರಗಿ ಎಂದರೆ ದೊಡ್ಡ ಶಾಸ್ತ್ರ: ಮದುಮಗಳನ್ನು ಮಣೆಯ ಮೇಲೆ ಕೂರಿಸಿ, ನಾಲ್ಕು ಮೂಲೆಗೆ ನೀರು ತುಂಬಿದ ಕೊಡ ಇಟ್ಟು, ಸುತ್ತ ನೂಲು ಸುತ್ತಿ, ಹಾಡುತ್ತ ನೀರೆರೆಯಬೇಕು. ಹಾಡಿನ ಮೊದಲ ಸೊಲ್ಲು ಎತ್ತಬೇಕಾದವಳು ಮನೆಯ ಹಿರಿಯಳು, ಎಂದರೆ ನೀಲವ್ವ. ಕಸ್ತೂರೆವ್ವನ ಸುರಗಿಗೂ ಆಕೆಯೇ ಹಾಡಿದ್ದಳು.

“ನಾ ಬರಾಕ ಆಗೂದಿಲ್ಲ ಅಂತ ಅಳಬ್ಯಾಡ. ಫೋನಿನ್ಯಾಗ ಹಾಡ್ತೇನಿ. ನನ್ನ ದನಿ ಬಂದ್ರ ನಾ ಬಂದಂಗಲ್ಲೇನು?” ಎಂದಳು ಅಕ್ಕ.

ಕಸ್ತೂರೆವ್ವ ಅಳುತ್ತಲೇ ನಕ್ಕಳು. ನನಗೂ ಜಂಬ ಬಂತು, ಸುಳ್ಳು ಯಾಕೆ ಹೇಳಲಿ. ಮದುವೆ ಮನೆಯ ದೊಡ್ಡ ಕೆಲಸ ನನ್ನ ಪಾಲಿಗೆ ಬಂದಿತ್ತು.

ಅಷ್ಟರಲ್ಲಿ ಭಾಂಡೆ ಬಂದವು. ಮಗಳಿಗೆ ಕೊಡುವ ಪಾತ್ರೆಪಗಡಗಳನ್ನು ಪಡಸಾಲೆಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಜೋಡಿಸಿ, ಅರಿಶಿಣ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಬಂದ ಬೀಗರು, ನೆಂಟರಿಷ್ಟರೆಲ್ಲ ನೋಡಬೇಕಲ್ಲ. ಒಮ್ಮೆ ಪೂಜೆಯಾದರೆ ಮಗಳು ಗಂಡನ ಮನೆಗೆ ಹೊರಡುವವರೆಗೆ ಒಂದು ಸೌಟನ್ನೂ ಕದಲಿಸುವಂತಿಲ್ಲ. ಕಸ್ತೂರೆವ್ವನ ಗಂಡ ಮಲ್ಲಪ್ಪ ಇಂಥದ್ದರಲ್ಲಿ ಬಲು ಕಟ್ಟುನಿಟ್ಟು. ತಾನೇ ನಿಂತು ಜೋಡಿಸಿದ. ಕೆಳಗೆ ತಾಮ್ರದ ಹಂಡೆ, ಅದರ ಮೇಲೆ ಅಗಲ ತಟ್ಟೆಯಂಥ ಪರಾತ, ಬೆಂಚಿನ ಮೇಲೆ ಸಾಲಾಗಿ ಹಿತ್ತಾಳೆಯ ಕೊಡಗಳು, ಅವುಗಳ ಮೇಲೆ ಸ್ಟೀಲಿನ ಡಬ್ಬಿಗಳು. ಹಿಂದೆ ಕಲ್ಲಿನ ಗೂಡಿನಲ್ಲಿ ನಾನು. ನನ್ನ ಮುಂದೆ ಬಾಗಿಲಿಕ್ಕಿದ ಹಾಗಾಯಿತು.

ಮೊದಲು ನನಗೆ ಬೇಜಾರಾಗಲಿಲ್ಲ. ಹೊಳೆಯುವ ಹೊಟ್ಟೆಗಳಲ್ಲೆಲ್ಲ ನನ್ನ ಹಸಿರು ದೀಪಗಳೇ ಕಾಣುತ್ತಿದ್ದವು. ಒಂದು ಉದ್ದಕ್ಕೆ, ಒಂದು ಡೊಂಕಾಗಿ, ಇನ್ನೊಂದು ಉಬ್ಬಿಕೊಂಡು. ಎಷ್ಟೋ ಹೊತ್ತು ಅದನ್ನೇ ನೋಡುತ್ತ ಮೈಮರೆತೆ. ಆದರೆ ನಾನು ಗಾಳಿಗೆ ಬಿಟ್ಟದ್ದೆಲ್ಲ ಆ ಹೊಟ್ಟೆಗಳಿಗೆ ಬಡಿದು ನನ್ನ ಮೈಮೇಲೇ ವಾಪಸ್ಸು ಬೀಳತೊಡಗಿತು. ಸಂದಿಗೊಂದಿಯಲ್ಲಿ ನುಸುಳಿದಷ್ಟೇ ಆಚೆ ಹೋಗುತ್ತಿತ್ತು.

ಮರುದಿನ ಮಧ್ಯಾಹ್ನ ಅಕ್ಕ ಹಾಡು ಎತ್ತಿದಳು. ಅರ್ಧ ಸಾಲಿಗೆ ಫೋನಿನಲ್ಲಿ ಅವಳ ಮುಖ ನಿಂತಿತು, ಬಾಯಿ ತೆರೆದದ್ದು ತೆರೆದೇ ಇತ್ತು. “ಅಕ್ಕಾ? ಅಕ್ಕಾ, ಕೇಳಾಕತ್ತೈತೇನ?” ಕಟ್ ಆಯಿತು. ಕಸ್ತೂರೆವ್ವ ಮತ್ತೆ ಹಚ್ಚಿದಳು, ಮತ್ತೆ ಕಟ್. ಅತ್ತ ನೀಲವ್ವನ ದನಿ ತಂತಿಯಲ್ಲಿ ನನ್ನವರೆಗೆ ಚೊಕ್ಕವಾಗಿ ಬಂದು ನಿಂತಿರುತ್ತಿತ್ತು, ನನ್ನಿಂದಾಚೆ ಹೋಗುತ್ತಿರಲಿಲ್ಲ. ಬಾಯಿದ್ದಿದ್ದರೆ ಕೂಗಿ ಹೇಳುತ್ತಿದ್ದೆ.

ಮಲ್ಲಪ್ಪ ಡಾಕ್ಟರಿಕೆ ಶುರುಮಾಡಿದ. ಕೊಡಗಳ ಸಂದಿಯಲ್ಲಿ ಕೈ ತೂರಿಸಿ ನನ್ನ ಸ್ವಿಚ್ಚು ಆರಿಸಿದ, ಹಚ್ಚಿದ, ಆರಿಸಿದ, ಹಚ್ಚಿದ. ಒಂದು ಕನಸು ಹಿಡಿಯುವಷ್ಟರಲ್ಲಿ ಎಬ್ಬಿಸುತ್ತಿದ್ದ. ನೆತ್ತಿಗೆ ಎರಡು ಏಟು ಬಿತ್ತು. ಅದೂ ಆಗದೆ ಈರಣ್ಣನಿಗೆ ಬಾಯಿಗೆ ಬಂದ ಹಾಗೆ ಬೈದ. ಈರಣ್ಣ ಓಡಿ ಬಂದು, ಅದೇ ಸಂದಿಯಲ್ಲಿ ಒಂದು ಕೇಬಲ್ ಇಳಿಬಿಟ್ಟು, ನನ್ನ ಬೆನ್ನಿಗೂ ತನ್ನ ಲ್ಯಾಪ್‌ಟಾಪಿಗೂ ಸಿಕ್ಕಿಸಿ ನೋಡಿದ.

“ಸ್ಪೀಡ್ ಪೂರಾ ಬರಾಕತ್ತೈತ್ರಿ ಅಣ್ಣಾರ. ಲೈನ್ಯಾಗ ಏನೂ ಇಲ್ಲ. ಮನಿತುಂಬ ಬೀಗರು, ಎಲ್ಲಾರ ಕೈಯಾಗೂ ಮೊಬೈಲು. ಪಾಸ್ವರ್ಡ್ ಬದಲ ಮಾಡ್ರಿ.”

ಪಾಸ್ವರ್ಡ್ ಬದಲಾಯಿತು. ಬೀಗರ ಮುಖ ದಪ್ಪಗಾಯಿತು. ಒಂದಿಷ್ಟು ಹಗುರಾದದ್ದು ಹೌದು, ಹಾಡು ಮಾತ್ರ ದಾಟಲಿಲ್ಲ. ದೃಷ್ಟಿ ತಾಕಿದೆ ಎಂದು ಯಾರೋ ಹೇಳಿದರು. ನನ್ನ ಗೂಡಿನ ಬಾಯಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರು. ಅದರ ವಾಸನೆಗೆ ನನ್ನ ತಲೆ ಕೆಟ್ಟಿತೇ ಹೊರತು ಬೇರೇನೂ ಆಗಲಿಲ್ಲ.

ಕೆಟ್ಟದ್ದು ನೆಟ್ ಒಂದೇ ಆಗಿದ್ದರೆ ಸಹಿಸಬಹುದಿತ್ತು. ದಿನ ಹೋದಂತೆ ನೀಲವ್ವನ ಮಾತು ಗಿಡ್ಡವಾಯಿತು. ಆಮೇಲೆ ಆಕೆ ಫೋನು ಎತ್ತುವುದನ್ನೇ ಕಡಿಮೆ ಮಾಡಿದಳು. ಎತ್ತಿದರೂ ಹಾಡುತ್ತಿರಲಿಲ್ಲ. ಕಸ್ತೂರೆವ್ವ ಒಲೆಯ ಮುಂದೆ ಕೂತು ಮಗಳಿಗೆ ಹೇಳಿದಳು, “ಅಕ್ಕಗ ಸಿಟ್ಟ ಬಂದೈತಿ. ನಾ ಹೋಗಿ ಕರಕೊಂಡ ಬರಲಿಲ್ಲಲ್ಲ, ಅದಕ್ಕ. ಆಕಿ ಹಾಡ್ಲಿಲ್ಲಂದ್ರ ನನಗ ಈ ಸುರಗಿ ಯಾಕ ಬೇಕು?” ಪಲ್ಲವಿ ತಾಯಿಯ ಬೆನ್ನು ಸವರಿದಳು.

ಮದುವೆಯ ಮುಂಜಾನೆ. ಅಂಗಳದಲ್ಲಿ ಮಣೆ ಹಾಕಿಯಾಗಿತ್ತು, ನೀರು ಕಾದಿತ್ತು, ಹೆಂಗಸರು ಸೇರಿದ್ದರು. ಅಂಗಳದಲ್ಲಿ ಫೋನು ಹಚ್ಚಿದರೆ ಬರೀ ಚಕ್ರ ತಿರುಗುತ್ತಿತ್ತು. ಕಸ್ತೂರೆವ್ವ ಕಿವಿಗೆ ಫೋನು ಒತ್ತಿಕೊಂಡೇ ಒಳಗೆ ಬಂದಳು. ಭಾಂಡೆಗಳಿಗೆ ಅಂದಿನ ಹೂವು ಇಡಬೇಕಿತ್ತು. ಮೇಲಿನ ಡಬ್ಬಿಗೆ ಹೂವು ಏರಿಸಲು ತುದಿಗಾಲಲ್ಲಿ ನಿಂತು ಬಾಗಿದಳು. ಅವಳ ಮುಖ ನನ್ನ ಗೂಡಿನ ಬಾಯಿಗೇ ಬಂತು. ನಾನು ಬಿಡುತ್ತೇನೆಯೇ? ಕೂಡಿಟ್ಟ ಜೀವವೆಲ್ಲ ಸುರಿದೆ.

“…ಯಾಕ ಹಚ್ಚಿ ಹಚ್ಚಿ ಇಡತೀದಿ ಕಸ್ತೂರಿ?” ನೀಲವ್ವನ ದನಿ ಪಕ್ಕದಲ್ಲೇ ಕೂತಂತೆ ಕೇಳಿಸಿತು.

“ಅಕ್ಕಾ!”

“ನಾ ಹಾಡಾಕ ಸುರು ಮಾಡಿದ್ರ ಸಾಕು, ಫೋನ ಇಡತೀದಿ. ಮುದುಕಿ ದನಿ ಬೀಗರ ಮುಂದ ಚಂದ ಕಾಣೂದಿಲ್ಲ ಅಂದ್ರ ಬಾಯಿಬಿಟ್ಟು ಹೇಳಬೇಕಿಲ್ಲ? ನಾ ತಿಳಕೊಳ್ಳೂದಿಲ್ಲೇನು?”

“ಯವ್ವಾ, ನಾ ಇಡಾಕತ್ತಿಲ್ಲ! ನಿನಗ ಸಿಟ್ಟ ಬಂದೈತಿ ಅಂತ ನಾ ದಿನಾ ಅಳಾಕತ್ತೇನಿ!” ಎನ್ನುತ್ತ ಕಸ್ತೂರೆವ್ವ ಹಿಂದೆ ಸರಿದಳು. ದನಿ ಚೂರುಚೂರಾಯಿತು. ಮುಂದೆ ಬಾಗಿದಳು, ದನಿ ಬಂತು. ಮತ್ತೆ ಹಿಂದೆ ಸರಿದು ನೋಡಿದಳು, ಹೋಯಿತು. ಅವಳು ಕೊಡಗಳನ್ನು ನೋಡಿದಳು, ಅವುಗಳ ಸಂದಿಯಲ್ಲಿ ನನ್ನನ್ನು ನೋಡಿದಳು. ಅಷ್ಟು ನೇರವಾಗಿ ನನ್ನನ್ನು ನೋಡಿದವಳು ಅವಳೊಬ್ಬಳೇ.

“ಅಯ್ಯ ಶಿವನ, ಈ ಕೊಡ ಅಡ್ಡ ಅದಾವಲ್ಲ!”

ಕೈ ಚಾಚಿದಳು. ಮಲ್ಲಪ್ಪ ಅಂಗಳದಿಂದಲೇ ಗದರಿದ, “ಏ, ಮುಟ್ಟಬ್ಯಾಡ! ಪೂಜಿ ಆಗೇತಿ. ಇಂಥಾ ಹೊತ್ತಿನ್ಯಾಗ ಕದಲಿಸಿದ್ರ ಹುಡುಗಿಗೆ ಏಳಿಗೆ ಅಲ್ಲ.” ಬೀಗರ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಸ್ತೂರೆವ್ವನ ಕೈ ಅರ್ಧಕ್ಕೆ ನಿಂತಿತು. ಮಗಳ ಏಳಿಗೆ ಎಂದರೆ ಯಾವ ತಾಯಿಯ ಎದೆ ಧಸಕ್ಕೆನ್ನುವುದಿಲ್ಲ? ನನ್ನನ್ನೇ ಎತ್ತಿ ಈಚೆ ಇಡೋಣವೆಂದರೆ ತಂತಿ ಮೊಳೆಗೆ ಬಿಗಿದಿತ್ತು. ಮುರಿದರೆ ಎಲ್ಲವೂ ಮುಗಿದಂತೆ. ಅವಳು ಗೂಡಿನತ್ತ ಬಾಗಿ, ಫೋನಿನ ಸ್ಪೀಕರ್ ಹಚ್ಚಿ, ಸಣ್ಣ ದನಿಯಲ್ಲಿ ಕೇಳಿದಳು: “ಅಕ್ಕಾ, ನಿನ್ನ ದನಿಗೆ ಹುಡುಗಿ ಭಾಂಡೆ ಅಡ್ಡ ಬಂದಾವ. ತಗೀಲೇನು? ಹಿರ್ಯಾಕಿ ನೀ ಹೇಳು.”

ನಾನು ಮಿನುಗುವುದನ್ನೇ ಮರೆತೆ.

“ಯಾವ್ಯಾವು ಅಡ್ಡ ಅದಾವ?” ಎಂದಳು ನೀಲವ್ವ.

“ನಾಕು ಹಿತ್ತಾಳಿ ಕೊಡ. ಅವುರ ಮ್ಯಾಲ ಡಬ್ಬಿ.”

“ಸುರಗಿಗೆ ಎಷ್ಟ ಕೊಡ ಬೇಕು?”

“ನಾಕು.”

“ಮತ್ತ? ತಗದು ನೀರ ತುಂಬಿಸಿ ಮಣಿ ಸುತ್ತ ಇಡು. ಹೊಸಾ ಕೊಡ ಸುರಗಿಗೆ ಬಂದ್ರ ಅದು ಕದಲಿಸಿದಂಗ ಅಲ್ಲ, ಕೆಲಸಕ್ಕ ಹಚ್ಚಿದಂಗ. ಮಲ್ಲಪ್ಪಗ ಹೇಳು, ಹಿರ್ಯಾಕಿ ಹೇಳ್ಯಾಳ ಅಂತ.”

ಹೇಳುವ ಅಗತ್ಯವೇ ಬೀಳಲಿಲ್ಲ. ಅಂಗಳದವರೆಗೂ ಕೇಳಿಸಿತ್ತು. ಮಲ್ಲಪ್ಪ ತಾನೇ ಬಂದು ಡಬ್ಬಿಗಳನ್ನು ಇಳಿಸಿ ಪರಾತದ ಮೇಲಿಟ್ಟ. ಕಸ್ತೂರೆವ್ವ ಕೊಡಗಳನ್ನು ಒಂದೊಂದಾಗಿ ಸೊಂಟಕ್ಕೇರಿಸಿಕೊಂಡು ಹೊರಟಳು. ಒಂದೊಂದು ಕೊಡ ಸರಿದಂತೆ ನನಗೆ ಪಡಸಾಲೆ ಕಂಡಿತು, ಬಾಗಿಲು ಕಂಡಿತು, ಆಚೆ ಬಿಸಿಲು ತುಂಬಿದ ಅಂಗಳ ಕಂಡಿತು, ಅರಿಶಿಣ ಮೆತ್ತಿಕೊಂಡು ಕೂತ ಪಲ್ಲವಿ ಕಂಡಳು. ಆಹಾ, ಆ ಗಾಳಿಯ ರುಚಿಯನ್ನು ಏನೆಂದು ಹೇಳಲಿ!

ಅಂಗಳದ ನಡುವೆ ಸ್ಟೂಲಿನ ಮೇಲಿಟ್ಟ ಫೋನಿನಲ್ಲಿ ನೀಲವ್ವನ ಮುಖ. ದಿಂಬಿಗೊರಗಿದ್ದಾಳೆ, ತಲೆ ತುಂಬ ಸೆರಗು.

“ನಾಕು ಮೂಲಿಗಿ ನಾಕು ಕೊಡವಿಟ್ಟು ನೂಲ ಸುತ್ತಿ
ನಡುವ ಕುಂತಾಳ ನಮ ಮಗಳ | ನೆತ್ತಿಮ್ಯಾಲ
ತವರ ನೀರೆಲ್ಲ ಹರದಾವ”

ಅವಳ ಸೊಲ್ಲು ಒಂದು ಉಸಿರಿನಷ್ಟು ತಡವಾಗಿಯೇ ಬರುತ್ತಿತ್ತು. ಅದಕ್ಕೆ ನಾನು ಏನೂ ಮಾಡುವಂತಿರಲಿಲ್ಲ, ದಾರಿ ಅಷ್ಟು ದೂರ. ಆದರೆ ಆ ಹಾಡಿನ ರೀತಿಯೇ ಹಾಗಲ್ಲವೇ: ಒಬ್ಬಳು ಹೇಳಿ ಸುಮ್ಮನಾಗಬೇಕು, ಉಳಿದವರು ತಿರುಗಿ ಹೇಳಬೇಕು. ಆ ಸುಮ್ಮನಿರುವಿಕೆಯಲ್ಲಿ ತಡವೆಲ್ಲ ಅಡಗಿಹೋಯಿತು. ಹೆಂಗಸರು ಸೊಲ್ಲು ಹಿಡಿದರು. ನೀರು ಬಿತ್ತು. ಕಸ್ತೂರೆವ್ವ ಹಾಡುತ್ತ ಅತ್ತಳು, ಅಳುತ್ತ ಹಾಡಿದಳು. ನಾನು ಆ ಹೊತ್ತು ಎಚ್ಚರವಿದ್ದೆನೋ ಕನಸಿನಲ್ಲಿದ್ದೆನೋ ಇವತ್ತಿಗೂ ತಿಳಿಯದು.

ನೀಲವ್ವ ಮುಂದಿನ ಬೇಸಿಗೆಯನ್ನು ಕಾಣಲಿಲ್ಲ. ಆ ಮೇಲೆ ಬಹಳ ದಿನ ಮಧ್ಯಾಹ್ನಗಳಲ್ಲಿ ನನ್ನೊಳಗೆ ಏನೂ ಹಾಯಲಿಲ್ಲ. ಕಸ್ತೂರೆವ್ವ ಗೋಡೆಗೊರಗಿ ಸುಮ್ಮನೆ ಕೂತಿರುತ್ತಿದ್ದಳು. ಒಂದು ದಿನ ಬಸುರಿ ಪಲ್ಲವಿ ಬಳ್ಳಾರಿಯಿಂದ ಫೋನು ಹಚ್ಚಿ, “ಯವ್ವಾ, ದೊಡ್ಡವ್ವನ ಹಾಡು ನನಗ ಕಲಸು” ಎಂದಳು. ಕಸ್ತೂರೆವ್ವ ಬಹಳ ಹೊತ್ತು ತಡವರಿಸಿ, ಮೊದಲ ಸೊಲ್ಲು ತಾನೇ ಎತ್ತಿದಳು. ಇಷ್ಟು ದಿನ ಒಳಗೆ ಬರುತ್ತಿದ್ದ ಹಾಡು ಅಂದು ಹೊರಗೆ ಹೊರಟಿತು.

ವರ್ಷಗಳು ಕಳೆದವು. ನಾನು ಬಿಸಿಯಾಗತೊಡಗಿದೆ, ದೀಪಗಳಲ್ಲಿ ಒಂದು ಕಣ್ಣು ಹೋಯಿತು. ಈರಣ್ಣ ಕೊಂಬಿನಂಥ ಕಡ್ಡಿಗಳಿರುವ ಬಿಳಿಯ ಹೊಸ ರೂಟರ್ ತಂದು ನನ್ನ ಪಿನ್ನು ಕಿತ್ತ. ಕಸ್ತೂರೆವ್ವ ನನ್ನನ್ನು ಕೈಗೆ ತೆಗೆದುಕೊಂಡು ಸೆರಗಿನಿಂದ ಧೂಳು ಒರೆಸಿದಳು.

“ಈರಣ್ಣ, ಅಕ್ಕ ಅಷ್ಟ ವರ್ಷ ಇದರಾಗ ಹಾಡ್ಯಾಳ. ಒಂದರ ಹಾಡು ಇದರಾಗ ಉಳದಿರತೈತೇನು?”

“ಇಲ್ರಿ ಅಕ್ಕಾರ. ಇದರಾಗ ಏನೂ ಉಳಿಯೂದಿಲ್ಲ. ಬಂದದ್ದೆಲ್ಲ ದಾಟಿ ಹೋಗತೈತಿ, ಅಷ್ಟ.”

ಅವಳು ನನ್ನನ್ನು ಇನ್ನೊಂದು ಗಳಿಗೆ ಹಿಡಿದಿದ್ದು, “ಹಂಗಾದ್ರ ಒಯ್ಯಪಾ” ಎಂದು ಅವನ ಕೈಗಿಟ್ಟಳು.

ಈಗ ನಾನು ಈರಣ್ಣನ ಅಂಗಡಿಯ ಮೂಲೆಯ ಗೋಣಿಚೀಲದಲ್ಲಿದ್ದೇನೆ. ನನ್ನಂಥ ಕಪ್ಪು ಡಬ್ಬಿಗಳು ಇನ್ನೂ ಹಲವಿವೆ, ಯಾವುದಕ್ಕೂ ಎಚ್ಚರವಿಲ್ಲ. ಈರಣ್ಣನ ಮಾತು ನಿಜ, ನನ್ನೊಳಗೆ ಏನೂ ಇಲ್ಲ. ಮೊದಮೊದಲು ಅದಕ್ಕೆ ಬಹಳ ಅಳು ಬಂತು. ಆಮೇಲೆ ನಿಧಾನಕ್ಕೆ ಅರ್ಥವಾಯಿತು: ನೀಲವ್ವನ ಒಂದೇ ಒಂದು ಸೊಲ್ಲು ನನ್ನಲ್ಲಿ ಉಳಿದಿದ್ದರೂ, ಅದು ತಂಗಿಯನ್ನು ತಲುಪಲಿಲ್ಲವೆಂದೇ ಆಗುತ್ತಿತ್ತು.